ಅಪ್ಪ ಪೆಟ್ರೋಲಿಯಂ ಅನ್ನಲಿಲ್ಲ

ಮನೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ ಅಂತ ಕೇಳಿಯೇ ಕಾಗದ ಶುರು ಮಾಡಬೇಕು ಅಂತ ನೀನೇ ಕಲಿಸಿದ್ದು, ಅದಕ್ಕೇ ಕೇಳುತ್ತಿದ್ದೇನೆ. ಹೇಗಿದ್ದೀಯ? ಕೆಮ್ಮು ನಿಂತಿತಾ? ಹಾಸ್ಟೆಲಿನ ನೀರಿಗೆ ಕೂದಲು ಉದುರುತ್ತಿದೆ ಅಂದಿದ್ದೆ, ಇನ್ನೂ ಉದುರುತ್ತಿದೆಯಾ, ಇಲ್ಲ ಉದುರೋಕೆ ಏನೂ ಉಳಿದಿಲ್ಲವಾ? ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ನಿನ್ನ ರೂಮಿನ ಕನ್ನಡಕದವಳು ಹೇಳಿದಳು. ಎರಡು ತುತ್ತು ತಿಂದು ತಟ್ಟೆ ಸರಿಸಿ ಎದ್ದುಬಿಡುತ್ತೀಯಂತೆ. ಹಾಗೆ ಮಾಡಬೇಡ. ಇಲ್ಲಿ ಅಮ್ಮನೂ ಅದನ್ನೇ ಮಾಡುತ್ತಿದ್ದಾಳೆ, ಒಬ್ಬೊಬ್ಬರಿಗೂ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅಮ್ಮ ಚೆನ್ನಾಗಿದ್ದಾಳೆ ಅಂತ ಬರೆಯಬೇಕು, ಬರೆದಿದ್ದೇನೆ ಅಂದುಕೋ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ನನಗೇನಾಗುತ್ತೆ.

ಫೋನಲ್ಲೇ ಹೇಳಬಹುದಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ನೀನು ಎತ್ತಿದ ತಕ್ಷಣ ಅಮ್ಮನ ಕೈಗೆ ಕೊಟ್ಟುಬಿಟ್ಟೆ. ಫೋನಲ್ಲಿ ನನಗೆ ಬೈಯೋಕೆ ಬರುತ್ತೆ, ಬೇರೆ ಏನೂ ಬರಲ್ಲ. ನಮ್ಮ ಕಾರ್ಖಾನೆಯ ಹಳದಿ ಲಾರಿ ನಾಳೆ ಬೆಳಿಗ್ಗೆ ಚರ್ಮ ತುಂಬಿಕೊಂಡು ನಿಮ್ಮ ಕಡೆಗೆ ಹೊರಡುತ್ತೆ. ಗುರುವಾರ ಹಾಸ್ಟೆಲ್ ಗೇಟಿಗೇ ಬಂದು ಕೊಡುತ್ತೇನೆ ಅಂದಿದ್ದಾನೆ ಡ್ರೈವರ್. ಕೊಡದಿದ್ದರೆ ಕಾಲು ಮುರಿಯುತ್ತೇನೆ ಅಂತ ನಾನೂ ಹೇಳಿದ್ದೇನೆ. ಶುಕ್ರವಾರ ಸಂಜೆ ಐದಕ್ಕೆ ನಿಮ್ಮ ಕಾಲೇಜಿನ ಆಫೀಸಿನ ಕಿಟಕಿ ಮುಚ್ಚುತ್ತೆ, ಆಮೇಲೆ ತಿಪ್ಪರಲಾಗ ಹಾಕಿದರೂ ವಿಷಯ ಬದಲಾಯಿಸೋಕೆ ಆಗಲ್ಲ ಅಂತ ನನಗೆ ಗೊತ್ತು.

ಹೇಗೆ ಗೊತ್ತು ಅಂತ ಕಣ್ಣು ಬಿಡಬೇಡ. ಕನ್ನಡಕದವಳು ಭಾನುವಾರ ನನಗೆ ಫೋನ್ ಮಾಡಿದ್ದಳು. ಅವಳ ಮೇಲೆ ರೇಗಬೇಡ, ಒಳ್ಳೇ ಹುಡುಗಿ, ಮಾತಾಡುವಾಗ ಮಧ್ಯೆ ಮಧ್ಯೆ ಮೂಗು ಒರೆಸಿಕೊಳ್ಳುತ್ತಿದ್ದಳು. ಪೆಟ್ರೋಲಿಯಂ ಪಾಠದಲ್ಲಿ ನೀನು ಬೆಂಚಿಗೆ ತಲೆ ಕೊಟ್ಟು ಮಲಗಿರುತ್ತೀಯಂತೆ. ಆ ಸೇಫ್ಟಿ ಪಾಠ ಇದೆಯಲ್ಲ, ಕಾರ್ಖಾನೆಯಲ್ಲಿ ಜನ ಸಾಯದ ಹಾಗೆ ಕೆಲಸ ಮಾಡಿಸೋದು ಹೇಗೆ ಅನ್ನೋದು, ಅದಕ್ಕೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಹೋಗಿ ಹಿಂದಿನ ಬೆಂಚಲ್ಲಿ ಕೂರುತ್ತೀಯಂತೆ, ಮುಗಿದ ಮೇಲೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರುತ್ತೀಯಂತೆ. ಆ ಮೇಡಂ ನಿನಗಾಗಿ ಒಂದು ಜಾಗ ಖಾಲಿ ಇಟ್ಟುಕೊಂಡು ಎರಡು ಸಲ ಕರೆದು ಕೇಳಿದರಂತೆ. ನೀನು ಆಗಲ್ಲ ಅಂದೆಯಂತೆ. "ಅಪ್ಪ ಕೊನೆಗೆ ನಂಗೆ ಹೇಳಿದ್ದು ಪೆಟ್ರೋಲಿಯಂ ತಗೋ ಅಂತ. ಅದನ್ನ ಮೀರಲ್ಲ" ಅಂದೆಯಂತೆ.

ಅದನ್ನು ಕೇಳಿ ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿರೋಳಿಗೆ ಇಷ್ಟು ಬುದ್ಧಿ ಬೇಡವಾ? ಪೆಟ್ರೋಲಿಯಂ ಅನ್ನೋ ಮಾತು ಅಪ್ಪನ ಬಾಯಲ್ಲಿ ಹೊರಳುತ್ತಿತ್ತಾ? ಹುಟ್ಟಿದಾಗಿಂದ ಅಪ್ಪ ಪೆಟ್ರೋಲಿಗೆ ಎಣ್ಣೆ ಅಂತಲೇ ಅಂದಿದ್ದು. ನಿನಗೆ ಅಷ್ಟೂ ಹೊಳೆಯಲಿಲ್ಲವಾ? ಹೊಳೆದಿರಲ್ಲ. ನನ್ನ ಅಕ್ಷರವನ್ನು ನೀನು ಅಪ್ಪನ ಬಾಯಿ ಅಂತಲೇ ನಂಬಿಕೊಂಡು ಬಂದವಳು. ಅಪ್ಪ ಫೋನ್ ಕಿವಿಗಿಡುತ್ತಿರಲಿಲ್ಲ, ಕಾಗದವೇ ಆಗಬೇಕು. ಅವನಿಗೆ ಓದೋಕೆ ಬರುತ್ತಿರಲಿಲ್ಲ, ಅಮ್ಮನಿಗೂ ಬರಲ್ಲ, ಒಂಬತ್ತರಲ್ಲಿ ಸ್ಕೂಲು ಬಿಟ್ಟ ಈ ಪಂಡಿತನೇ ಓದಿ ಹೇಳಬೇಕಿತ್ತು, ಅವರು ಹೇಳಿದ್ದನ್ನು ಬರೆದು ಕಳಿಸಬೇಕಿತ್ತು. ನಿನ್ನನ್ನು ಓದಿಸೋಕೆ ಅಂತ ತಮ್ಮ ಸ್ಕೂಲು ಬಿಟ್ಟ ಅಂತ ಬೀದಿಯವರೆಲ್ಲ ಹೇಳುತ್ತಾರೆ, ನಾನೂ ಹೇಳಿಸಿಕೊಂಡು ಎದೆ ಉಬ್ಬಿಸಿಕೊಂಡು ಓಡಾಡಿದ್ದೇನೆ. ಸುಳ್ಳು. ನನಗೆ ಲೆಕ್ಕ ತಲೆಗೆ ಹತ್ತಲಿಲ್ಲ, ಲೆಕ್ಕದ ಮೇಷ್ಟ್ರು ಕ್ಲಾಸಿನ ಮುಂದೆ ನಿನ್ನ ಹೆಸರು ಹಿಡಿದು ಅಂಥವಳ ತಮ್ಮ ಇಂಥವನಾ ಅಂದರು, ನಾನು ಡಸ್ಟರ್ ಎಸೆದೆ. ಅಷ್ಟೇ ಕಥೆ.

ನಿನ್ನ ಆ ಕಾಗದ ಬಂದ ಸಂಜೆ ಏನಾಯಿತು ಅಂತ ಈಗ ಸರಿಯಾಗಿ ಹೇಳುತ್ತೇನೆ. ಅಪ್ಪ ಕೈಕಾಲು ತೊಳೆದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಅಮ್ಮ ಒಲೆ ಮುಂದೆ. ಐದು ವಿಷಯ ಕೊಟ್ಟಿದ್ದಾರೆ, ಒಂದನ್ನು ಆರಿಸಬೇಕು, ಅಪ್ಪನನ್ನು ಕೇಳಿ ಹೇಳು ಅಂತ ಬರೆದಿದ್ದೆಯಲ್ಲ, ಆ ಐದನ್ನೂ ನನ್ನಿಂದ ಎರಡು ಸಲ ಓದಿಸಿದ. ತಿನ್ನೋ ಪದಾರ್ಥ ಕೆಡದ ಹಾಗೆ ಇಡೋದು ಅಂತ ಒಂದಿತ್ತು. "ಡಬ್ಬಿಗೆ ಮುಚ್ಚಳ ಹಾಕೋದು ಕಲಿಯಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ" ಅಂತ ಅಮ್ಮ ಅಂದಳು. ಅಪ್ಪ ಕೆಮ್ಮು ಬರೋ ತನಕ ನಕ್ಕ. ಪ್ಲಾಸ್ಟಿಕ್ಕಿನದು ಬಂದಾಗ ಬಕೆಟ್ ತೋರಿಸಿ, ಇದನ್ನು ಮಾಡೋದಾ ಅಂತ ಕೇಳಿದ. ಸೇಫ್ಟಿ ಅಂದಾಗ ಹೆಲ್ಮೆಟ್ಟಾ ಅಂದ. ಆಮೇಲೆ ಗಡ್ಡ ಕೆರೆದುಕೊಂಡು ಹೇಳಿದ, "ಯಾವ್ ಪಾಠದಲ್ಲಿ ಅವಳಿಗೆ ನಿದ್ದೆ ಬರಲ್ವೋ ಅದನ್ನೇ ತಗೊಳ್ಳಲಿ. ನಂಗೇನ್ ಗೊತ್ತಾಗುತ್ತೆ, ಅವಳಿಗೆ ಗೊತ್ತಿರುತ್ತೆ."

ಅಕ್ಕಾ, ಅಪ್ಪ ಹೇಳಿದ್ದು ಇದು. ಇದೊಂದೇ. ಪೆಟ್ರೋಲಿಯಂ ಅಂತ ಬರೆದಿದ್ದು ನಾನು. ಆ ಐದರಲ್ಲಿ ನನಗೆ ಅರ್ಥ ಆದ ಪದ ಅದೊಂದೇ, ಪೆಟ್ರೋಲ್ ಬಂಕಿನಲ್ಲಿ ಓದಿದ್ದೆ. ಅದನ್ನು ಕಲಿತವರು ಸಮುದ್ರದ ಮಧ್ಯೆ ಕಬ್ಬಿಣದ ಅಟ್ಟ ಕಟ್ಟಿಕೊಂಡು ಇರುತ್ತಾರೆ, ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ ಅಂತ ಯಾರೋ ಹೇಳಿದ್ದು ನೆನಪಿತ್ತು. ಹೋಗಲಿ ಬಿಡು, ಸಮುದ್ರದ ಮಧ್ಯೆಯೇ ಇರಲಿ, ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಅಕ್ಕನ ಪಕ್ಕ ನಿಲ್ಲಿಸಿ ಅಳೆಯದ ಹಾಗಾಗಲಿ ಅಂತ ಬರೆದೆ. ಅಪ್ಪ ಪೆಟ್ರೋಲಿಯಂ ತಗೋ ಅಂತ ಹೇಳಿದ್ದಾನೆ ಅಂತ ಎರಡು ಸಾಲು. ಅಪ್ಪ ಪಕ್ಕದಲ್ಲೇ ಕೂತು ನಾನು ಬರೆಯೋದನ್ನು ನೋಡುತ್ತಿದ್ದ. ಹೇಳಿದ ಹಾಗೇ ಬರೆದ್ಯಾ ಅಂದ. ಬರೆದೆ ಅಂದೆ.

ನಾಲ್ಕನೇ ದಿನಕ್ಕೆ ಅಪ್ಪ ಹೋದ. ಆ ಬೆಳಿಗ್ಗೆ ಕಾರ್ಖಾನೆಯ ಕೊಳಚೆ ಗುಂಡಿಯ ಹತ್ತಿರ ಏನಾಯಿತು ಅಂತ ನಿನಗೆ ಯಾರೂ ಪೂರ್ತಿ ಹೇಳಿಲ್ಲ. ನೀನು ಬರೋ ಹೊತ್ತಿಗೆ ಎಲ್ಲರೂ ಬಾಯಿ ಹೊಲಿದುಕೊಂಡಿದ್ದರು. ಕಾರ್ಖಾನೆಯಲ್ಲಿ ಅಪ್ಪನ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ, ಎಲ್ಲರಿಗೂ ಅವನು ಮೂಗು. ಚರ್ಮದ ಕೂದಲು ಬಿಡಿಸೋ ತೊಟ್ಟಿ ಹದಕ್ಕೆ ಬಂತಾ, ಮೂಗನ್ನು ಕರಿ. ಯಾವ ಪೀಪಾಯಿ ಹಳಸಿದೆ, ಮೂಗನ್ನು ಕರಿ. ಕೊಳಚೆ ಗುಂಡಿಗೆ ಇಳಿಯೋಕೆ ಮುಂಚೆಯೂ ಅಷ್ಟೇ, ಮೊಣಕಾಲೂರಿ ತಲೆ ಬಗ್ಗಿಸಿ ಮೂಸುತ್ತಿದ್ದ. ಕೊಳೆತ ಮೊಟ್ಟೆ ನಾತ ಬಂದರೆ ಕೂತು ಬೀಡಿ ಸೇದಿ ಕಾಯೋದು, ನಾತ ಹೋದರೆ ಇಳಿಯೋದು. ಇಪ್ಪತ್ತಾರು ವರ್ಷ ಹಾಗೇ ಇಳಿದ, ಹಾಗೇ ಹತ್ತಿದ. ಅವನ ಜೊತೆಯಲ್ಲಿ ಹಗ್ಗ ಹಿಡಿಯೋ ಕುಂಟ ಮಾವ ಮೊನ್ನೆ ನನ್ನ ಮುಂದೆ ಅತ್ತುಬಿಟ್ಟ. ಆವತ್ತು ಮೇಲಿನ ಶೆಡ್ಡಿನವರು ಆಸಿಡ್ ನೀರು ಅದೇ ಚರಂಡಿಗೆ ಬಿಟ್ಟಿದ್ದರಂತೆ, ಅದು ಗುಂಡಿಯ ಕೊಳಚೆಗೆ ಸೇರಿದರೆ ವಿಷಗಾಳಿ ಏಳುತ್ತಂತೆ, ಇವರಿಗೆ ಹೇಳಿರಲಿಲ್ಲವಂತೆ. ಅಪ್ಪ ತಲೆ ಬಗ್ಗಿಸಿದಾಗ ನಾತ ತಲೆಗೆ ಹೊಡೆಯೋ ಹಾಗಿತ್ತಂತೆ. ಹಾಗೇ ಬಗ್ಗಿಕೊಂಡು ಕಾದನಂತೆ. ಎರಡು ನಿಮಿಷವೂ ಆಗಿಲ್ಲ, "ಹೋಯ್ತು ನೋಡು" ಅಂತ ಖುಷಿಯಾಗಿ ಇಳಿದನಂತೆ. ಮೂರನೇ ಮೆಟ್ಟಿಲಲ್ಲಿ ಕೈ ಬಿಟ್ಟ. ಹಗ್ಗ ಸೊಂಟಕ್ಕೆ ಕಟ್ಟಿರಲಿಲ್ಲ, ಕೈಯಲ್ಲಿ ಹಿಡಿದಿದ್ದ.

ಸೂಪರ್‌ವೈಸರ್ ವಿಚಾರಣೆಗೆ ಬಂದವರ ಮುಂದೆ, ಅಷ್ಟು ಅನುಭವ ಇರೋರಿಗೆ ನಾವೇನು ಹೇಳಿಕೊಡೋದು ಸಾರ್, ಅವರೇ ಅವಸರ ಮಾಡಿದರು ಅಂದ. ನಾನು ಅವನ ಕಾಲರ್ ಹಿಡಿದೆ, ನಾಲ್ಕು ಜನ ನನ್ನನ್ನು ಎಳೆದು ಹೊರಗೆ ಹಾಕಿದರು. ಈಗ ಗುಂಡಿ ಪಕ್ಕ ದೊಡ್ಡ ಬೋರ್ಡು ನಿಲ್ಲಿಸಿದ್ದಾರೆ, ಅನುಮತಿ ಇಲ್ಲದೆ ಇಳಿಯಬಾರದು ಅಂತ. ಗುಂಡಿಗೆ ಇಳಿಯೋರಲ್ಲಿ ಓದು ಬರೋನು ಒಬ್ಬನೂ ಇಲ್ಲ.

ಅಪ್ಪನನ್ನು ಕಳಿಸಿಕೊಟ್ಟು ಬಂದ ಮೇಲೆ ನೀನು ನನ್ನನ್ನು ಹಿತ್ತಲಿಗೆ ಕರೆದೆ. ನೀರಿನ ತೊಟ್ಟಿ ಹತ್ತಿರ ನಿಂತು, ನನ್ನ ಮುಖ ನೋಡದೆ ಕೇಳಿದೆ. "ವಾಸನೆ ಹೋಯ್ತು ಅಂದ್ರೆ ಗಾಳಿ ಸರಿಹೋಗಿರಲ್ಲ, ಮೂಗು ಸತ್ತಿರುತ್ತೆ, ಅಪ್ಪಂಗೆ ಹೇಳು ಅಂತ ಎರಡನೇ ಹಾಳೇಲಿ ಬರೆದಿದ್ನಲ್ಲೋ. ಓದಿ ಹೇಳಿದ್ಯಾ?" ಹೇಳಿದೆ, ಅಪ್ಪ ನಕ್ಕುಬಿಟ್ಟ ಅಂದೆ. ನೀನು ಅಳಲಿಲ್ಲ. ತೊಟ್ಟಿಯಲ್ಲಿ ಕೈ ಅದ್ದಿ ಮುಖ ಒರೆಸಿಕೊಂಡು ಒಳಗೆ ಹೋದೆ. ಮಾರನೇ ದಿನವೇ ಬಸ್ಸು ಹತ್ತಿದೆ. ಅದರ ಬಗ್ಗೆ ಈಗ ಬೇಡ. ಈಗ ಶುಕ್ರವಾರದ ವಿಷಯ.

ಅಪ್ಪ ನಿನಗೆ ಕೊನೆಯದಾಗಿ ಹೇಳಿದ್ದನ್ನು ನೀನು ಮೀರಬಾರದು ಅಲ್ಲವಾ? ಮೀರಬೇಡ. ನಿದ್ದೆ ಬರದ ಪಾಠ ತಗೋ ಅಂದಿದ್ದಾನೆ. ಪೆಟ್ರೋಲಿಯಂ ಪಾಠದಲ್ಲಿ ನೀನು ಗೊರಕೆ ಹೊಡೆಯುತ್ತೀಯ ಅಂತ ಸಾಕ್ಷಿ ಇದೆ. ಹೋಗಿ ಆ ಮೇಡಂ ಹತ್ತಿರ ಹೆಸರು ಬರೆಸು. ಹಿಂದಿನ ಬೆಂಚಲ್ಲಿ ಕಳ್ಳಿಯ ಹಾಗೆ ಕೂರಬೇಡ, ಮುಂದೆ ಕೂರು. ಅರ್ಥ ಆಗದಿದ್ದರೆ ಕೈ ಎತ್ತಿ ಕೇಳು, ನಿನಗೆ ಮೊದಲಿಂದಲೂ ಅದು ಚೆನ್ನಾಗಿ ಬರುತ್ತೆ, ಸ್ಕೂಲಲ್ಲಿ ನಿನ್ನ ಕೈ ಕೆಳಗಿಳಿದಿದ್ದನ್ನು ನಾನು ನೋಡಿಲ್ಲ. ಅಪ್ಪ ಪೆಟ್ರೋಲಿಯಂ ತಗೋ ಅಂದಿದ್ದ ಅಂತ ಇನ್ನೊಂದು ಸಲ ಯಾರ ಹತ್ತಿರವಾದರೂ ಹೇಳಿದರೆ ಅಲ್ಲಿಗೇ ಬಂದು ನಿನ್ನ ಜುಟ್ಟು ಹಿಡಿಯುತ್ತೇನೆ, ಎಷ್ಟು ಉಳಿದಿದೆಯೋ ಅಷ್ಟನ್ನೇ. ನನ್ನ ತಲೆ ಗೋಡೆಗೆ ಚಚ್ಚಬೇಕು ಅನ್ನಿಸಿದರೆ ರಜೆಗೆ ಬಂದಾಗ ಚಚ್ಚು, ಬೇಡ ಅನ್ನಲ್ಲ.

ಅಮ್ಮ ಆಶೀರ್ವಾದ ಹೇಳಿದ್ದಾಳೆ. ಹೇಳಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ, ಎದ್ದಿದ್ದರೆ ಹೇಳುತ್ತಿದ್ದಳು. ಕುಂಟ ಮಾವ ನಿನ್ನನ್ನು ಕೇಳಿದ. ಕನ್ನಡಕದವಳಿಗೆ ನನ್ನ ನಮಸ್ಕಾರ ಹೇಳು. ಊಟ ಮಾಡು.

ನಿನ್ನ ತಮ್ಮ,
ಮೊಂಡ

ಮತ್ತೆ: ಬುಧವಾರ ಬೆಳಿಗ್ಗೆ. ಲಾರಿಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಂಟಿಸಿದ್ದ ಕವರ್ ಹರಿದು ಬರೆಯುತ್ತಿದ್ದೇನೆ. ಅಪ್ಪ ನಗಲಿಲ್ಲ ಅಕ್ಕಾ. ನಾನು ಆ ಹಾಳೆ ಓದಿ ಹೇಳಲೇ ಇಲ್ಲ. ಎರಡನೇ ಹಾಳೆಯ ಮೊದಲ ಸಾಲಲ್ಲೇ ತಮ್ಮನನ್ನು ಮತ್ತೆ ಪರೀಕ್ಷೆಗೆ ಕೂರಿಸಿ ಅಂತ ಬರೆದಿದ್ದೆಯಲ್ಲ, ಅದನ್ನು ನನ್ನ ಬಾಯಿಂದ ಅಪ್ಪನಿಗೆ ಓದೋಕೆ ನನಗಾಗಲಿಲ್ಲ, ಸಿಟ್ಟು ಬಂತು, ಅಲ್ಲಿಗೇ ಮಡಚಿಬಿಟ್ಟೆ. ಅಷ್ಟೇನಾ, ಕಾಗದ ದಪ್ಪ ಇದೆಯಲ್ಲ ಅಂದ ಅಪ್ಪ. ಉಳಿದದ್ದೆಲ್ಲ ಲೆಕ್ಕ, ನಿಂಗೆ ಅರ್ಥ ಆಗಲ್ಲ ಅಂದೆ. ಹೌದಾ, ಇರ್ಲಿ ಬಿಡು ಅಂತ ಈಸಿಕೊಂಡು ಬೀಡಿಯ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಂಗಿ ಜೇಬಿಗಿಟ್ಟುಕೊಂಡ. ಗುಂಡಿಗೆ ಇಳಿದಾಗಲೂ ಅದು ಜೇಬಲ್ಲೇ ಇತ್ತು. ಆಸ್ಪತ್ರೆಯವರು ಅಂಗಿ ಕೊಟ್ಟಾಗ ಸಿಕ್ಕಿತು, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊದಲ ಸಲ ಪೂರ್ತಿ ಓದಿದೆ. ನೀನು ಎಲ್ಲ ಬಿಡಿಸಿ ಬಿಡಿಸಿ ಬರೆದಿದ್ದೆ, ನನಗೂ ಅರ್ಥ ಆಯಿತು. ಅಪ್ಪನಿಗೂ ಆಗುತ್ತಿತ್ತು. ನೀನು ಹೇಳಿದ್ದನ್ನು ಅಪ್ಪ ಯಾವತ್ತು ಕೇಳಿಲ್ಲ ಹೇಳು? ಅಮ್ಮನಿಗೆ ಇವತ್ತೇ ಹೇಳುತ್ತೇನೆ. ಶುಕ್ರವಾರ ಐದರೊಳಗೆ ಹೆಸರು ಬರೆಸು. ಆಮೇಲೆ ನನ್ನ ಜೊತೆ ಮಾತಾಡಬೇಕಾ ಬೇಡವಾ, ಅದು ನಿನಗೆ ಬಿಟ್ಟಿದ್ದು.