ಕಾವಲುಗಾರನ ಮುಖ

ಮಾರ್ಚ್ ೬, ಗುರುವಾರ
ಬೆಳಿಗ್ಗೆ ಮತ್ತೆ ಮೆಟ್ಟಿಲ ಕೆಳಗೆ ತೂರಿ ಸರ್ವರ್ ಫ್ಯಾನಿನ ಧೂಳು ಊದಿದೆ. ಮುದ್ರಣಾಲಯದ ಪುಸ್ತಕಗಳೆಲ್ಲ ಈ ಒಂದು ಪೆಟ್ಟಿಗೆಯ ಹೊಟ್ಟೆಯಲ್ಲಿ. ಹೊರಗಿನಿಂದ ಎಸ್ಸೆಸ್ಸೆಚ್ ಎಂಬ ಗುಪ್ತ ಸಂಪರ್ಕದ ಮೂಲಕ ಒಳಬರಲು ದಾರಿ ಮಾಡಿದವನು ನಾನು — ಬಾಡಿಗೆಯ ಯಂತ್ರವೊಂದು ಪ್ರಾಕ್ಸಿಯಾಗಿ, ಕಾವಲುಗಾರನ ಹಾಗೆ ಹೊರಗೆ ನಿಂತು, ಬಂದವರನ್ನು ಕೈಹಿಡಿದು ಇಲ್ಲಿಗೆ ಮುಟ್ಟಿಸುತ್ತದೆ. ಬರುವವರು ಇಬ್ಬರೇ: ನಾನು, ಕರಡು ತಿದ್ದುವ ಅಕ್ಕ. ಅವರ ಗಂಡ, ನಾನು ಭಾವ ಅನ್ನುವವರು, ಹಾಸಿಗೆ ಹಿಡಿದ ಮೇಲೆ ಅಕ್ಕ ಆಫೀಸಿಗೆ ಬರುವುದು ಬುಧವಾರ ಮಾತ್ರ. ಉಳಿದದ್ದೆಲ್ಲ ಮನೆಯಿಂದ. ಇಬ್ಬರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಬೇರೆ ಮಾಡಬೇಕು... ನಾಳೆ.
ಅಕ್ಕನ ಫೋನ್: “ಏನೋ ಇಂಜಿನಿಯರಪ್ಪ, ನಿನ್ನ ಪೆಟ್ಟಿಗೆ ತೂಕಡಿಸ್ತಿದೆಯಾ? ಹಂಸ ಮುಗೀತು, ಹದ್ದಿಗೆ ಹೋಗ್ಬೇಕು. ಬಾಗಿಲೇ ತೆಗೀತಿಲ್ಲ.”
ಹಕ್ಕಿಗಳ ಕೋಶ. ಮೂರು ತಿಂಗಳಿಂದ ತಿದ್ದುತ್ತಿದ್ದಾರೆ. ಇನ್ನೇನು ದಡ ಸೇರಿದ ಹಾಗೆ.

ಮಾರ್ಚ್ ೧೦, ಸೋಮವಾರ
ತಿದ್ದಿದ್ದೆಲ್ಲ ಮಾಯ. ಕೋಶದ ಜಾಗದಲ್ಲಿ ಡಿಸೆಂಬರಿನ ಹಳೇ ಪ್ರತಿ ಕೂತಿದೆ. ಇರುವುದು ಒಂದೇ ಬ್ಯಾಕಪ್, ಅದು ಓಡಿದ್ದು ಭಾನುವಾರ ಸಂಜೆ. ಅದರಲ್ಲೂ ಹಳೆಯದೇ.
ಮಾಲೀಕರು ಪೆಟ್ಟಿಗೆಯ ಲಾಗ್, ಅಂದರೆ ಬಂದುಹೋದವರ ದಾಖಲೆ, ತೆಗೆಸಿದರು. ಭಾನುವಾರ ಮಧ್ಯಾಹ್ನ ಎರಡು ಸಲ ಯಾರೋ ಬಂದಿದ್ದಾರೆ. ಎರಡೂ ಸಲ ಪ್ರಾಕ್ಸಿಯದೇ ಇಂಟರ್ನೆಟ್ ವಿಳಾಸ. ಯಾರೇ ಬರಲಿ, ಒಳಗಿನ ಪೆಟ್ಟಿಗೆಗೆ ಕಾಣುವುದು ಆ ಕಾವಲುಗಾರನ ಮುಖ ಒಂದೇ.
“ಹೊರಗಿಂದ ಬರೋಳು ಅವಳೊಬ್ಬಳೇ ತಾನೆ? ಗಂಡನಿಗೆ ಮಾತ್ರೆ ಕೊಡ್ತಾ ಕೊಡ್ತಾ ಏನೋ ಒತ್ತಿರ್ತಾಳೆ.”
‘ನಾನೂ ಬರ್ತೀನಿ ಸಾರ್’ ಅನ್ನಬೇಕಿತ್ತು. ಕೆಮ್ಮಿದೆ.

ಮಾರ್ಚ್ ೧೧
ನಾನೇ.
ಭಾನುವಾರ ಹೆಂಡತಿಯ ತಮ್ಮನ ಮನೆಗೆ ಊಟಕ್ಕೆ ಹೋಗಿದ್ದೆ. ಅವನೆದುರು ಜಂಭ. “ಇಲ್ಲೇ ಕೂತು ಆಫೀಸಿನ ಬೀರು ತೆಗೀತೀನಿ, ನೋಡು.” ಕೋಶದ ಒಂದು ಪ್ರತಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಇಳಿಸಿಕೊಂಡೆ ಅಂದುಕೊಂಡೆ. ಆಜ್ಞೆ ಹಿಂದುಮುಂದಾಗಿದೆ — ನನ್ನಲ್ಲಿದ್ದ ಹಳೇ ಪ್ರತಿಯನ್ನೇ ಅಲ್ಲಿಗೆ ಏರಿಸಿದ್ದೇನೆ. ಆ ಆಜ್ಞೆಯ ಸಾಲು ಲ್ಯಾಪ್‌ಟಾಪಿನಲ್ಲಿ ಇನ್ನೂ ಇದೆ. ನಾಲ್ಕು ಸಲ ಓದಿದೆ, ಬೇರೆ ಅರ್ಥ ಬರುತ್ತದೇನೋ ಅಂತ.

ಮಾರ್ಚ್ ೧೨, ಬುಧವಾರ
ಅಕ್ಕ ಬಂದಿದ್ದರು. ಕಣ್ಣು ಊದಿತ್ತು.
“ನಾನೇ ಕಣೋ. ನಿನ್ನ ಭಾವ ಕರೆದ್ರು ಅಂತ ಎದ್ದೆ, ಮೊಣಕೈ ಕೀಬೋರ್ಡಿಗೆ ತಾಗಿತು. ಅದೇ ಇರ್ಬೇಕು.”
“ಮೊಣಕೈ ತಾಗಿದ್ರೆ ಹಾಗೆಲ್ಲ ಆಗಲ್ಲ ಅಕ್ಕ.”
“ಸಮಾಧಾನ ಹೇಳ್ಬೇಡ. ನನ್ನಿಂದ ನಿನಗೂ ಬೈಗುಳ.”
ಹೋಗುವಾಗ ನನ್ನ ಮೇಜಿನ ಮೇಲೆ ಎರಡು ಬಾಳೆಹಣ್ಣು ಇಟ್ಟು ಹೋದರು. ತಿನ್ನಲಾಗಲಿಲ್ಲ. ಬಿಸಾಡಲೂ ಆಗಲಿಲ್ಲ.

ಮಾರ್ಚ್ ೧೭, ಸೋಮವಾರ
ಮಾಲೀಕರ ಅಪ್ಪಣೆ: ಶುಕ್ರವಾರ ಹೊರಗಿನ ದಾರಿ ಮುಚ್ಚು.
“ಕೆಲಸ ಬೇಕಿದ್ರೆ ದಿನಾ ಬಂದು ಕೂರಲಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡೋಣ.”
ಭಾವನನ್ನು ಯಾರ ಕೈಗೆ ಬಿಟ್ಟು ಬರುತ್ತಾರೆ? ಇದು ಗೊತ್ತಿದ್ದೂ “ಸರಿ ಸಾರ್” ಅಂದೆ. ನಾಲಿಗೆಗೆ ಎಷ್ಟು ಸಲೀಸು.
ಪ್ರಾಕ್ಸಿ ಯಂತ್ರದಲ್ಲೂ ಒಂದು ಲಾಗ್ ಇದೆ. ಬಂದವರ ನಿಜವಾದ ವಿಳಾಸ ಇರುವುದು ಅದರಲ್ಲಿ. ಮಾಲೀಕರಿಗೆ ಗೊತ್ತಿಲ್ಲ. ಹದಿನಾಲ್ಕು ದಿನಕ್ಕೆ ತಾನೇ ಅಳಿಸಿಹೋಗುತ್ತದೆ. ನಾನು ಸುಮ್ಮನೆ ಕೂತರೆ ಸಾಕು...

ಮಾರ್ಚ್ ೨೧, ಶುಕ್ರವಾರ. ಬೆಳಿಗ್ಗೆ ೯
ಅಕ್ಕನ ಫೋನ್.
“ಎಷ್ಟು ಹೊತ್ತಿಗೆ ಮುಚ್ತೀಯೋ? ಅಷ್ಟರಲ್ಲಿ ಕಾಗೆವರೆಗಾದ್ರೂ ಮತ್ತೆ ತಿದ್ದಿಡ್ತೀನಿ. ಮುಂದೆ ಬರೋರಿಗೆ ಅನುಕೂಲ.”
ಮುಂದೆ ಬರೋರು. ಎಷ್ಟು ಮೆಲ್ಲಗೆ ಹೇಳಿದರು.

೧೧.೨೦
ಪ್ರಾಕ್ಸಿಯ ಲಾಗ್ ಪ್ರಿಂಟ್ ತೆಗೆದೆ. ಭಾನುವಾರಕ್ಕೆ ಎರಡು ಸಾಲು. ಅಕ್ಕನ ಮನೆಯ ವಿಳಾಸ: ಹನ್ನೆರಡಕ್ಕೆ ಬಂದು ಒಂದಕ್ಕೆ ಹೋಗಿದ್ದಾರೆ. ಇನ್ನೊಂದು, ಎರಡೂಕಾಲಕ್ಕೆ ಬಂದದ್ದು, ಹೆಂಡತಿಯ ತಮ್ಮನ ಮನೆಯದು. ಕೋಶ ಬದಲಾದದ್ದು ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಆ ಸಾಲಿನ ಪಕ್ಕ ಪೆನ್ನಿನಲ್ಲಿ ‘ಇದು ನಾನು’ ಅಂತ ಬರೆದು ಸಹಿ ಹಾಕಿದೆ.

೧೧.೪೦
ಹಾಳೆ ಮಾಲೀಕರ ಮೇಜಿನ ಮೇಲಿಟ್ಟು ಬಂದೆ. ನಿಂತು ಹೇಳುವ ಧೈರ್ಯ ಅಷ್ಟಕ್ಕೇ ಮುಗಿಯಿತು. ಇಲ್ಲಿಂದ ಗಾಜಿನಾಚೆ ಕಾಣುತ್ತಾರೆ. ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಓದುತ್ತಿದ್ದಾರೆ. ಬೆರಳು ನಿಂತಿತು. ತಲೆ ಎತ್ತಿ ಅಕ್ಕನ ಖಾಲಿ ಕುರ್ಚಿ ನೋಡಿದರು. ಈಗ ನನ್ನ ಕಡೆ —