ಕಣ್ಣಿನ ರೆಕಾರ್ಡ್ ಮಾತ್ರ

ಅತ್ತೆ,

ನಿದ್ದೆಯಲ್ಲಿದ್ರಿ, ಎಬ್ಬಿಸಲಿಲ್ಲ. ಕಾಫಿ ಫ್ಲಾಸ್ಕಿನಲ್ಲಿದೆ. ಆಪರೇಷನ್ ಆದ ಕಣ್ಣಿಗೆ ಹತ್ತು ಗಂಟೆಗೆ ಡ್ರಾಪ್ಸ್ ಹಾಕ್ಕೊಳ್ಳಿ. ಓದೋಕೆ ಆಗ್ಲಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದೀನಿ.

ಆಸ್ಪತ್ರೆಯಿಂದ ನಿಮ್ಮ ರೆಕಾರ್ಡ್ ತರಿಸ್ಕೊಳ್ಳೋಕೆ ಇನ್ಶೂರೆನ್ಸಿನವರು ನಿಮ್ಮ ಫೋನಿನ ಆ್ಯಪಿನಲ್ಲಿ ಒಪ್ಪಿಗೆ ಕೇಳಿದ್ದಾರೆ. ನೀವು ಹೇಳಿದ ಹಾಗೆ ತುಂಬಿಟ್ಟಿದ್ದೀನಿ: ಕಣ್ಣಿನದು ಮಾತ್ರ, ಒಪ್ಪಿಗೆ ಒಂದು ತಿಂಗಳ ಮಟ್ಟಿಗೆ ಮಾತ್ರ. ಓದಿ, ಸರಿ ಅನ್ನಿಸಿದ್ರೆ ‘ಒಪ್ಪಿಗೆ’ ಅಂತಿರೋದನ್ನ ನೀವೇ ಒತ್ತಿ. ಓಟಿಪಿ ಯಾರಿಗೂ ಹೇಳ್ಬೇಡಿ. ಹೋದ ಸಲದ ಹಾಗೆ ಪಕ್ಕದ ಮನೆಯವರ ಕೈಲಿ ಓದಿಸಿದ್ರೆ ನಾನು ಸುಮ್ನಿರಲ್ಲ!

ಅಲ್ಲಿದ್ದ ನಿಮ್ಮ ರೆಕಾರ್ಡುಗಳ ಪಟ್ಟಿಯಲ್ಲಿ ಕಿವಿ ಪರೀಕ್ಷೆಯದ್ದೂ ಇತ್ತು. ಹುಡುಕಿ ನೋಡಿದ್ದಲ್ಲ, ಕಣ್ಣಿಗೆ ಬಿತ್ತು. ನೀವು ಆಲ್ಕೊಳದಲ್ಲಿರೋ ತಂಗಿ ಮನೆಗೆ ಅಂತ ಹೇಳಿ ಹೋದ ದಿನದ್ದು. ಇನ್ಶೂರೆನ್ಸಿನವರಿಗೆ ಅದು ಬೇಕಿಲ್ಲ, ಸೇರಿಸಿಲ್ಲ. ನಿಮ್ಮ ಮಗನಿಗೂ ಹೇಳಲ್ಲ. ಹೇಳೋದು ಬಿಡೋದು ನಿಮ್ಮಿಷ್ಟ.

ಎರಡು ತಿಂಗಳಿಂದ ಕರೆದರೂ ಓಗೊಡಲ್ಲ, ನನ್ನ ಮೇಲೆ ಸಿಟ್ಟು ಅಂತ ತಿಳ್ಕೊಂಡು ನಾನೂ ಮುಖ ಊದಿಸ್ಕೊಂಡು ಓಡಾಡಿದೆ. ದಡ್ಡಿ ನಾನು.

ಸಂಜೆ ಶಿವಮೊಗ್ಗದಿಂದ ಬಂದ ಮೇಲೆ ಅಡುಗೆಮನೆಯಿಂದ ಕೂಗಲ್ಲ, ಪಕ್ಕದಲ್ಲೇ ಬಂದು ಕೂತ್ಕೊಳ್ತೀನಿ. ನನಗೆ ಬೇರೇನೂ ಹೇಳ್ಬೇಡಿ. ಯಾವ ಕಿವಿ ಚೆನ್ನಾಗಿ ಕೇಳುತ್ತೆ, ಅದೊಂದು ಹೇಳಿ ಸಾಕು.

ಸುಶ್ಮಿತಾ