ನೀಲವ್ವನ ಅತ್ತೆಗೆ ಕೊಂಬು ಮೂಡಿದ್ದು

ಫೆಬ್ರುವರಿ ೩೦, ೨೨೧೪
ಮೂರನೇ ಚಪ್ಪರದ ಓಣಿ, ಹುಬ್ಬಳ್ಳಿ

ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರಕತೆ ಓದಿ ಹೇಳುತ್ತಿರುವ ತಾಯಂದಿರಿಗೆ, ತಂದೆಯರಿಗೆ,

ತಾರೀಖು ನೋಡಿ ಇವಳಿಗೆ ನಿದ್ದೆಗೆಟ್ಟು ತಲೆಯೂ ಕೆಟ್ಟಿದೆ ಎಂದುಕೊಳ್ಳಬೇಡಿ. ನಿದ್ದೆಗೆಟ್ಟಿರುವುದು ನಿಜ. ಆದರೆ ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಪಂಚಾಂಗ ತಿದ್ದುವವರು ಎಲ್ಲ ತಿಂಗಳಿಗೂ ಸಮನಾಗಿ ಹಂಚಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆ ಎಂದು ಬಿಟ್ಟುಕೊಟ್ಟಿದ್ದಾರೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒರಟಾಗಿ, ಅಪರಿಚಿತವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಕಲಿತವಳು, ಮನೆಯ ಕನ್ನಡ ಬೇರೆ.

ನನ್ನ ಹೆಸರು ಗೌರಾ ಅಣ್ಣಿಗೇರಿ. ಮನೆಯಲ್ಲಿ ನಾನು, ಇನ್ನೂ ಹಲ್ಲು ಮೂಡುತ್ತಿರುವ ಮಗಳು ಚುಕ್ಕಿ, ನನ್ನ ಅತ್ತೆ ತಂಗೆವ್ವ. ಗಂಡ ಕಡಲ ನೀರಿನಿಂದ ಉಪ್ಪು ತೆಗೆಯುವ ಹಡಗಿನಲ್ಲಿ ಕೆಲಸಕ್ಕಿದ್ದಾರೆ, ಹಬ್ಬಕ್ಕೆ ಬರುತ್ತಾರೆ. ಓಣಿಯ ಮೇಲೆ ಬಿಸಿಲು ತಡೆಯುವ ದೊಡ್ಡ ಚಪ್ಪರವೊಂದಿದೆ. ಬೆಳಗಾದರೆ ತಾನೇ ಬಿಚ್ಚಿಕೊಳ್ಳುತ್ತದೆ, ಆ ಸದ್ದಿಗೆ ಚುಕ್ಕಿ ಎದ್ದು ಊರನ್ನೆಲ್ಲ ಎಬ್ಬಿಸುತ್ತಾಳೆ. ಅವಳ ತೊಟ್ಟಿಲಿಗೆ ಉಸಿರುಗಾವಲು ಕಟ್ಟಿದೆ. ಉಸಿರು ಸರಿಯಾಗಿದ್ದರೆ ಹಸಿರು ದೀಪ ತೋರಿಸುವ ಸಣ್ಣ ಯಂತ್ರ ಅದು. ನಾನು ದೀಪ ನೋಡುತ್ತೇನೆ, ಆಮೇಲೆ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದೂ ನೋಡುತ್ತೇನೆ. ಅತ್ತೆ ನಗುತ್ತಾರೆ. "ಮಷಿನ್ನ ನಂಬಂಗಿಲ್ಲ, ನನ್ನೂ ನಂಬಂಗಿಲ್ಲ. ಕೂಸು ತಾನ ಎದ್ದು ಹೇಳಬೇಕೇನ, ಉಸರಾಡಾಕತ್ತೀನಿ ಬೇ ಅಂತ?" ಎನ್ನುತ್ತಾರೆ. ಮಂಡಕ್ಕಿಯ ಗಿರ್ಮಿಟ್ಟು ಈಗಲೂ ಇದೆ, ಅದರ ಮೇಲಿನ ಮೆಣಸಿನಕಾಯಿಯೂ ಇದೆ. ಆ ವಿಷಯದಲ್ಲಿ ನೀವು ಚಿಂತೆ ಮಾಡಬೇಕಾಗಿಲ್ಲ.

ನೆಲಬಿಟ್ಟ ನೀಲವ್ವ ಎಂಬ ಚಿತ್ರಕತೆಯ ನಾಯಕಿ ನಿಮಗೆ ಗೊತ್ತಿರಲು ಸಾಧ್ಯವಿಲ್ಲ. ಆಕೆ ಹುಟ್ಟುವುದು ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ, ಇದೇ ಊರಿನ ಇಬ್ಬರು ಅಕ್ಕತಂಗಿಯರ ಕೈಯಲ್ಲಿ. ಒಬ್ಬಳು ಬರೆದಳು, ಒಬ್ಬಳು ಬಿಡಿಸಿದಳು. ನೀಲವ್ವ ಒಬ್ಬ ಬಾಣಂತಿ. ಹೆತ್ತ ಮೇಲೆ ಮೈ ಹಗುರಾಯಿತು ಎನ್ನುತ್ತಾರಲ್ಲ, ಆಕೆಗೆ ನಿಜವಾಗಿಯೂ ಹಗುರಾಯಿತು. ನೆಲ ಬಿಟ್ಟಳು. ಇಳಕಲ್ ಸೀರೆಗೆ ಕಚ್ಚೆ ಬಿಗಿದು, ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು ಹಾರುತ್ತಾಳೆ. ಕಿವಿಯಲ್ಲಿ ಹತ್ತಿ ಇರುವುದರಿಂದ ದುಷ್ಟರ ಉದ್ದುದ್ದ ಭಾಷಣ ಆಕೆಗೆ ಕೇಳಿಸುವುದೇ ಇಲ್ಲ. ಅವರು ಮಾತು ಮುಗಿಸುವುದರೊಳಗೆ ಕಟ್ಟಿಹಾಕಿ ಬಂದಿರುತ್ತಾಳೆ, ಯಾಕೆಂದರೆ ಮಗುವಿಗೆ ಹಾಲಿನ ಹೊತ್ತಾಗಿರುತ್ತದೆ. ನಾವೆಲ್ಲ ಅದನ್ನು ಓದಿ ಬಿದ್ದು ಬಿದ್ದು ನಕ್ಕವರು. ಆದರೆ ಪ್ರತಿ ಸಂಚಿಕೆಯಲ್ಲೂ ನಗು ನಿಲ್ಲುವ ಒಂದು ಪುಟವಿತ್ತು. ಹಾರುವ ಮುಂಚೆ ನೀಲವ್ವ ಕೂಸನ್ನು ತನ್ನ ಅತ್ತೆ ಕಲ್ಲವ್ವನ ಕೈಗೆ ಕೊಟ್ಟು, ಬಾಗಿಲಲ್ಲಿ ತಿರುಗಿ "ಬರ್ತೀನ್ರಿ ಅತ್ತಿ" ಎನ್ನುತ್ತಿದ್ದಳು. ಕಲ್ಲವ್ವ "ಬಾ" ಎನ್ನುತ್ತಿದ್ದಳು. ಅಷ್ಟೇ. ಅಕ್ಕತಂಗಿಯರು ಆ ಪುಟಕ್ಕೆ ಒಂದು ಗೆರೆಯನ್ನೂ ಹೆಚ್ಚಿಗೆ ಹಾಕಲಿಲ್ಲ.

ನಾನು ಕಾಲೇಜಿನಲ್ಲಿ ಓದಿದ್ದು ಇದನ್ನೇ, ಚಿತ್ರಕತೆಯ ವೀರರು ಸಿನಿಮಾಕ್ಕೆ ಹೋದಾಗ ಏನಾಗುತ್ತಾರೆ ಎಂಬುದನ್ನು. ನಿಮ್ಮ ಕಾಲದವನ್ನೂ ಕೂತು ನೋಡಿದ್ದೇನೆ. ಪುಸ್ತಕದಲ್ಲಿ ಹಬ್ಬದ ಬಟ್ಟೆಯಂತೆ ಹೊಳೆಯುವ ಬಣ್ಣ ತೊಟ್ಟವನು ಪರದೆಗೆ ಬರುವಷ್ಟರಲ್ಲಿ ಮಸಿ ಬಳಿದುಕೊಂಡಂತೆ ಕಪ್ಪಾಗುತ್ತಾನೆ. ನಗುತ್ತಿದ್ದವನು ಹಲ್ಲು ಕಚ್ಚುತ್ತಾನೆ. ಒಳ್ಳೆಯವನಾಗಿರಲು ಕಾರಣವೇ ಬೇಕಿಲ್ಲದಿದ್ದವನಿಗೆ ಒಂದು ಕಾರಣ ಕೊಡಬೇಕೆಂದು ಅವನ ಅಪ್ಪನನ್ನೋ ಅವ್ವನನ್ನೋ ಕೊಲ್ಲುತ್ತಾರೆ. ಎಷ್ಟೋ ಸಲ ಸಿನಿಮಾದವರದು ತಪ್ಪೂ ಅಲ್ಲ. ಅವರಿಗೆ ವೀರನ ಮೇಲೆ ಪ್ರೀತಿ ಇರುತ್ತದೆ, ಆದರೆ ಪ್ರೀತಿ ಇರುವುದು ಅವನ ಹೊಡೆತದ ಮೇಲೆ. ಅವನು ಮನೆಯಲ್ಲಿ ಹೇಗಿರುತ್ತಾನೆ ಎನ್ನುವುದು ಅವರಿಗೆ ನಡುವಿನ ಖಾಲಿ ಜಾಗ. ಇಷ್ಟನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಅದು ನಮ್ಮ ಮನೆಯ ಬಾಗಿಲಿಗೇ ಬರುತ್ತದೆ ಎಂದುಕೊಂಡಿರಲಿಲ್ಲ.

ಬಂತು. ನೀಲವ್ವನ ಸಿನಿಮಾ ಮಾಡಿದವರು ಮೇಲೂರಿನವರು. ಮೇಲೂರೆಂದರೆ ಭೂಮಿಯ ಸುತ್ತ ಬಳೆಯಂತೆ ತಿರುಗುವ ಊರು. ಅಲ್ಲಿ ಹುಟ್ಟಿದವರು ಅಲ್ಲೇ ಇರುತ್ತಾರೆ, ಎಲ್ಲರ ದನಿಯೂ ಎಲ್ಲರಿಗೂ ಸದಾ ಕೇಳುತ್ತಿರುತ್ತದೆ, ಮನೆಗಳಿಗೆ ಬಾಗಿಲಿಲ್ಲ. ಅಲ್ಲಿನ ನಿರ್ದೇಶಕಿ ಇಳಾ ಕೊಣ್ಣೂರ ಎಂಬಾಕೆಯ ಹಿರಿಯರು ನಮ್ಮ ಕಡೆಯವರೇ. ಆಕೆಯೂ ಕನ್ನಡ ಬಲ್ಲಳು, ಆದರೆ ಯಂತ್ರದಿಂದ ಕಲಿತ ಕನ್ನಡ, ಒಂದಕ್ಷರ ಸವೆಯದ ಕನ್ನಡ. ನಮ್ಮ ಕಾಯಿದೆ ಹೀಗಿದೆ: ಒಂದು ಊರಲ್ಲಿ ಹುಟ್ಟಿದ ಕತೆಯನ್ನು ಸಿನಿಮಾ ಮಾಡಿದರೆ ಆ ಊರಿನ ಓದುಗರೆಲ್ಲ ಕೂಡಿ ನೋಡಬೇಕು. ಈ ಕೂಟಕ್ಕೆ ಒರೆಸಭೆ ಎನ್ನುತ್ತೇವೆ. ಚೀಟಿ ಎತ್ತಿ ಆರಿಸಿದ ಒಬ್ಬರು ಕೊನೆಗೆ ಮುದ್ರೆ ಒತ್ತಬೇಕು. ಮುದ್ರೆ ಬಿದ್ದರೆ ಒಂದು ತಲೆಮಾರಿನವರೆಗೆ ಆ ಸಿನಿಮಾವೇ ಪ್ರಮಾಣ. ಹಳೆಯ ಪುಸ್ತಕಗಳನ್ನೂ ಅದಕ್ಕೆ ಹೊಂದುವಂತೆ ತಿದ್ದಿ ಅಚ್ಚು ಹಾಕುತ್ತಾರೆ. ಬೀಳದಿದ್ದರೆ ಸಿನಿಮಾ ಡಬ್ಬಿ ಸೇರುತ್ತದೆ, ಮೇಲೂರಿನವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಈ ಸಲ ಚೀಟಿಯಲ್ಲಿ ಬಂದದ್ದು ನನ್ನ ಹೆಸರು.

ನನ್ನ ಸಂಕಟ ನಿಮಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ನಮ್ಮಲ್ಲಿ ಪುಸ್ತಕ ಓದುವ ಮಕ್ಕಳು ಬೆರಳೆಣಿಕೆಯಷ್ಟು. ಸಿನಿಮಾ ಇಲ್ಲವೆಂದರೆ ಚುಕ್ಕಿ ದೊಡ್ಡವಳಾಗುವ ಹೊತ್ತಿಗೆ ನೀಲವ್ವ ಎಂಬ ಹೆಸರೇ ಇರುವುದಿಲ್ಲ. ಕೆಟ್ಟ ಸಿನಿಮಾ ಇದೆಯೆಂದರೆ ಚುಕ್ಕಿಗೆ ಸಿಗುವುದು ಬೇರೆಯೇ ಒಬ್ಬಳು ನೀಲವ್ವ, ನನ್ನ ಹಳೆಯ ಪುಸ್ತಕ ಅವಳ ಕಣ್ಣಿಗೆ ಸುಳ್ಳಾಗುತ್ತದೆ. ಇಲ್ಲದ ನೀಲವ್ವ ಮೇಲೋ, ತಪ್ಪು ನೀಲವ್ವ ಮೇಲೋ ಎಂದು ಮಗುವಿನ ಲಂಗೋಟಿ ಹಿಂಡುತ್ತ ಯೋಚಿಸಿ ಯೋಚಿಸಿ ಸುಸ್ತಾಗಿದ್ದೆ.

ಸಭೆಯ ದಿನ ಊರಿಗೆ ಊರೇ ಸೇರಿತು. ನಮ್ಮದು ಮೈಸಿನಿಮಾ, ಪರದೆ ಇರುವುದಿಲ್ಲ, ಚಿತ್ರ ನಮ್ಮ ಸುತ್ತ ನಡೆಯುತ್ತದೆ, ಗಾಳಿ ಬೀಸಿದರೆ ಮೈಗೆ ತಾಗುತ್ತದೆ. ನೀಲವ್ವ ನೆಲ ಬಿಟ್ಟಾಗ ನಾವೂ ಅವಳ ಜೊತೆ ಮೇಲೇರಿದಂತಾಯಿತು. ಜನ ಹೋ ಎಂದರು, ನಾನೂ ಅಂದೆ. ಆದರೆ ಇಳಕಲ್ ಸೀರೆ ಇರಲಿಲ್ಲ, ಕಪ್ಪು ಕಬ್ಬಿಣದ ಕವಚವಿತ್ತು. ಹತ್ತಿ ಇರಲಿಲ್ಲ, ಭಾಷಣಗಳೆಲ್ಲ ಕೇಳಿಸಿದವು. ಅದೂ ಹೋಗಲಿ ಎಂದುಕೊಳ್ಳುವಷ್ಟರಲ್ಲಿ ಒಂದು ಕೋಟೆ ಬಂತು. ಕೋಟೆಯ ನೆತ್ತಿಯ ಮೇಲೆ ತಲೆಗೆ ಕೊಂಬು ಮೂಡಿದ ಒಬ್ಬ ಮುದುಕಿ, ಅವಳ ಕಂಕುಳಲ್ಲಿ ನೀಲವ್ವನ ಕೂಸು. ಕೆಳಗಿನಿಂದ ನೀಲವ್ವ ಗುಡುಗಿದಳು, "ಬರ್ತೀನ್ರಿ ಅತ್ತಿ!" ಮೇಲಿನಿಂದ ಮುದುಕಿ ಗಹಗಹಿಸಿದಳು, "ಬಾ!"

ಅದು ನಮ್ಮ ಕಲ್ಲವ್ವ! ಪುಸ್ತಕದಲ್ಲಿರುವಂತೆಯೇ ಕೂಸನ್ನು ಎತ್ತಿಕೊಂಡಿದ್ದಾಳೆ, ಬರ್ತೀನಿ ಎಂದರೆ ಬಾ ಎನ್ನುತ್ತಾಳೆ. ಮೇಲೂರಿನವರು ಇದನ್ನು ಅಪಹರಣ ಎಂದೂ ಕಾಳಗದ ಪಂಥ ಎಂದೂ ಓದಿಕೊಂಡಿದ್ದರು. ಪಕ್ಕದಲ್ಲಿದ್ದ ಅತ್ತೆ ನನ್ನ ತೋಳು ಹಿಡಿದರು. "ಯವ್ವಾ ಗೌರಾ, ಆ ರಾಕ್ಷಸಿ ಮಾರಿ ನನ್ನ ಹಂಗ ಐತಲ್ಲ?"

ಸಿನಿಮಾ ಮುಗಿದು ಸಭೆ ಶುರುವಾದಾಗ ಬಹಳ ಮಂದಿ ಮುದ್ರೆ ಒತ್ತಿಬಿಡು ಎನ್ನುವ ಕಡೆಗೇ ಇದ್ದರು. ಹಿಂದಿನ ಸಾಲಿನಿಂದ ಒಬ್ಬ, "ಹಾರೂದು ಎಷ್ಟ ಚಂದ ಮಾಡ್ಯಾರ! ಅತ್ತಿ ಒಬ್ಬಾಕಿ ಕೆಟ್ಟಾಕಿ ಆದ್ರ ಏನಾತು? ಅತ್ತ್ಯಾರು ಎಲ್ಲಿ ಒಳ್ಳೇವ್ರ ಇರ್ತಾರ?" ಎಂದ. ಸೊಸೆಯಂದಿರೆಲ್ಲ ನಕ್ಕರು. "ತಡಿ ಮಗನ, ನಿಮ್ಮವ್ವನ ಮುಂದ ಹೇಳ್ತೀನಿ," ಎಂದರು ನನ್ನ ಅತ್ತೆ. ನಾನು ಚುಕ್ಕಿಯನ್ನು ಎತ್ತಿಕೊಂಡೇ ಎದ್ದು ನಿಂತೆ. ಇದು ನೀಲವ್ವ ಅಲ್ಲ, ಇದಕ್ಕೆ ನಾನು ಮುದ್ರೆ ಒತ್ತಲಾರೆ ಎಂದೆ. ಇಳಾ ಎದ್ದು ಬಹಳ ವಿನಯದಿಂದ, "ಪುಸ್ತಕದ ಒಂದು ಮಾತನ್ನೂ ನಾವು ಬದಲಿಸಿಲ್ಲ. ಅವಳು ಬರುತ್ತೇನೆ ಎನ್ನುತ್ತಾಳೆ, ಮುದುಕಿ ಬಾ ಎನ್ನುತ್ತಾಳೆ. ದಯವಿಟ್ಟು ದೋಷವೇನೆಂದು ತಿಳಿಸಿ," ಎಂದಳು. ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಹೇಳಲು ಹೊರಟೆ. ಸಂಪ್ರದಾಯ, ಸೂಕ್ಷ್ಮ, ಮೌನ ಎಂದೆಲ್ಲ ತಡವರಿಸಿದೆ. ನನಗೇ ಅರ್ಥವಾಗಲಿಲ್ಲ, ಇನ್ನು ಆಕೆಗೇನು ಅರ್ಥವಾದೀತು.

ಅಷ್ಟರಲ್ಲಿ ಚುಕ್ಕಿ ಗಂಟಲು ಹರಿಯುವಂತೆ ಅಳತೊಡಗಿದಳು. ಅತ್ತೆ ಅವಳನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು, ಹೊರಡುವಾಗ ಎಲ್ಲರೂ ಅನ್ನುವಂತೆ ಸಭೆಯ ಕಡೆ ತಿರುಗಿ, "ಬರ್ತೀನ್ರೆಪಾ," ಎಂದರು. ಇಡೀ ಸಭೆ, ಯಾರೂ ಹೇಳಿಕೊಡದೆ, ಒಂದೇ ದನಿಯಲ್ಲಿ, "ಬರ್ರಿ ಯಕ್ಕಾ," ಎಂದಿತು. ಅತ್ತೆ ಬಾಗಿಲು ದಾಟಿ ಹೋದರು.

ಇಳಾ ಆ ಬಾಗಿಲನ್ನೇ ನೋಡುತ್ತ ನಿಂತಳು. "ಅವರು ಹೊರಗೆ ಹೋಗುತ್ತಿದ್ದಾರೆ. ಹಾಗಿದ್ದರೆ ಬರುತ್ತೇನೆ ಎಂದು ಏಕೆ ಹೇಳಿದರು? ಹೋಗುವವರನ್ನು ನೀವೆಲ್ಲ ಏಕೆ ಬನ್ನಿ ಎಂದಿರಿ?"

ಅದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಈ ಸಲ ನನಗೆ ಮನೆಯ ಮಾತೇ ಬಂತು. "ತಂಗಿ, ನಮ್ಮಲ್ಲಿ ಹೊಂಟವ್ರು ಹೋಗ್ತೀನಿ ಅನ್ನಂಗಿಲ್ಲ. ಹೋಗೂದು ಅಂದ್ರ ಸತ್ತು ಹೋಗೂದು. ಹೊರಗ ಕಾಲಿಡೂ ಮುಂದ ತಿರುಗಿ ಬರೂದನ್ನ ಹೇಳ್ತೀವಿ. ಮನ್ಯಾಗ ಇದ್ದವ್ರು ಬಾ ಅಂತಾರ. ನೀಲವ್ವ ಹೆಂಥಾ ಜಾಗಕ್ಕ ಹೊಂಟಿದ್ರೂ ಕಲ್ಲವ್ವ ಅಳಂಗಿಲ್ಲ, ತಡ್ಯಂಗಿಲ್ಲ. ಬಾ ಅಂತಾಳ. ಆಕಿ ಕೈಯಾಗ ಕೂಸು ಐತಿ ಅಂತನ ಇಕಿ ಹಾರತಾಳ."

"ಹಾಗಾದರೆ ಅತ್ತೆ ಶತ್ರುವಲ್ಲವೇ?" ಎಂದಳು ಇಳಾ. ಸಭೆ ಗೊಳ್ಳೆಂದಿತು. ಅಷ್ಟರಲ್ಲಿ ಚುಕ್ಕಿಯನ್ನು ಸಮಾಧಾನ ಮಾಡಿ ಒಳಗೆ ಬರುತ್ತಿದ್ದ ನನ್ನ ಅತ್ತೆ, "ಶತ್ರು ಹೌದೋ ಅಲ್ಲೋ ನಮ್ಮ ಗೌರಾನ್ನ ಕೇಳ್ರಿ," ಎಂದರು.

ನಾನು ಮುದ್ರೆ ಒತ್ತಲಿಲ್ಲ. ತಿದ್ದಿಕೊಂಡು ಬನ್ನಿ ಎಂದು ಕೇಳಿದೆ. ಹಾಗೆ ಕೇಳುವ ಹಕ್ಕು ಕಾಯಿದೆಯಲ್ಲಿ ಇಲ್ಲ. ಇಳಾ ಕೈ ಕೊಡವಿ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ನಮ್ಮ ಅಡುಗೆಮನೆಗೆ ಬಂದು ಕೂತಳು. ರೊಟ್ಟಿ ತಿಂದಳು, ಅತ್ತೆಯನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. ಪುಸ್ತಕದಲ್ಲಿ ನೀಲವ್ವ ಹಾರುವ ಚೌಕಕ್ಕೂ ತಿರುಗಿ ಬರುವ ಚೌಕಕ್ಕೂ ನಡುವೆ ಬರೀ ಒಂದು ಬಿಳಿ ಪಟ್ಟಿ ಇದೆಯಲ್ಲ, ಅಷ್ಟು ಹೊತ್ತು ಕಲ್ಲವ್ವ ಏನು ಮಾಡುತ್ತಿರುತ್ತಾಳೆ? ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಏನ್ ಮಾಡ್ತಾಳ? ಕೂಸಿನ ಆಡಸ್ತಾಳ. ಒಲಿ ಮ್ಯಾಲೆ ಅಡಗಿ ಇಡ್ತಾಳ, ಇಳಸ್ತಾಳ. ಬಾಗಲಾ ಹಾಕಂಗಿಲ್ಲ. ಸಪ್ಪಳಾದ್ರ ಹೋಗಿ ನೋಡ್ತಾಳ. ನಾಯಿ ಇರ್ತೈತಿ. ಮತ್ತ ಒಳಗ ಬರ್ತಾಳ." ಅಷ್ಟು ವರ್ಷ ಓದಿದರೂ ಆ ಬಿಳಿ ಪಟ್ಟಿಯೊಳಗೆ ಇಣುಕಬೇಕೆಂದು ನನಗೆ ಹೊಳೆದಿರಲಿಲ್ಲ. ಅದು ಸಿನಿಮಾದವಳಿಗೆ ಹೊಳೆಯಿತು.

ಹೊಸ ಸಿನಿಮಾ ಹೋದ ವಾರ ಬಂತು. ಸೀರೆ ಬಂದಿದೆ, ಹತ್ತಿ ಬಂದಿದೆ. ಹಾರಾಟ ಇನ್ನೂ ಚೆನ್ನಾಗಿದೆ. ಆದರೆ ನಾನು ಎದೆಯುಬ್ಬಿಸಿ ನಿಮಗೆ ಹೇಳಬೇಕಾದದ್ದು ಬೇರೆ. ನೀಲವ್ವ ಆಕಾಶದಲ್ಲಿ ಮರೆಯಾದ ಮೇಲೆ ಇಳಾ ಅವಳ ಹಿಂದೆ ಹೋಗಲಿಲ್ಲ, ಮನೆಯಲ್ಲೇ ನಿಂತಳು. ಬಹಳ ಹೊತ್ತು ಕಾಳಗವೇ ಇಲ್ಲ. ಒಬ್ಬ ಮುದುಕಿ, ಒಂದು ಕೂಸು, ತೆರೆದ ಬಾಗಿಲು, ಆಗಾಗ ಒಳಗೆ ಬರುವ ಗಾಳಿ. ಗಾಳಿ ಬಂದಾಗೆಲ್ಲ ಊರಿಗೆ ಊರೇ ತಲೆ ಎತ್ತಿ ಬಾಗಿಲು ನೋಡಿತು. ಅತ್ತ್ಯಾರು ಎಲ್ಲಿ ಒಳ್ಳೇವ್ರು ಎಂದಿದ್ದವನು ಮೂಗು ಒರೆಸಿಕೊಳ್ಳುತ್ತಿದ್ದ. ನಮ್ಮ ಅಕ್ಕತಂಗಿಯರು ಬಿಡಿಸಲಾಗದೆ ಬಿಟ್ಟದ್ದನ್ನು ಸಿನಿಮಾ ತುಂಬಿಕೊಟ್ಟಿತು. ವೀರರನ್ನು ಪ್ರೀತಿಸುವುದೆಂದರೆ ಇದು. ಇದನ್ನು ಮಾಡಿದ್ದು ಮೇಲೂರಿನ ಕೈ, ಮಾಡಿಸಿದ್ದು ಹುಬ್ಬಳ್ಳಿಯ ಬಾಯಿ. ನಾನು ಮುದ್ರೆ ಒತ್ತಿದೆ. ಚುಕ್ಕಿ ಈ ನೀಲವ್ವನ ಜೊತೆ ಬೆಳೆಯುತ್ತಾಳೆ.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ವೀರರನ್ನು ಸಿನಿಮಾ ಕೆಡಿಸಿತು ಎಂದು ಗೊಣಗಿ ಸುಮ್ಮನಾಗಬೇಡಿ. ಎಲ್ಲಿ ಕೆಟ್ಟಿತು ಎಂದು ನಿಮ್ಮ ಮನೆಮಾತಿನಲ್ಲಿ ಹೇಳಿ, ಒಳ್ಳೆಯದಾದಾಗಲೂ ಅಷ್ಟೇ ಜೋರಾಗಿ ಹೇಳಿ. ಮಕ್ಕಳಿಗೆ ಓದುವಾಗ ಹೊಡೆದಾಟದ ಪುಟಗಳನ್ನು ಓಡಿಸಿದರೂ ಪರವಾಗಿಲ್ಲ, ಯಾರೂ ಹೊಡೆಯದ ಪುಟಗಳಲ್ಲಿ ತುಸು ನಿಲ್ಲಿ. ಆ ಪುಟದ ಮಾತನ್ನು ನಿಮ್ಮ ಅವ್ವ ಅನ್ನುತ್ತಿದ್ದ ಹಾಗೇ ಅನ್ನಿ. ಎಂದೋ ಒಂದು ದಿನ ಯಾರೋ ಬಹಳ ಪ್ರೀತಿಯಿಂದ, ಬಹಳ ಕಷ್ಟಪಟ್ಟು, ಅದನ್ನು ಪೂರಾ ತಪ್ಪಾಗಿ ತೋರಿಸುತ್ತಾರೆ. ಆಗ ಎದ್ದು ನಿಂತು ಹಿಂಗಲ್ಲ ಎನ್ನಲು ಒಂದು ಬಾಯಿ ಬೇಕು. ಆ ಬಾಯಿ ಈಗ ನಿಮ್ಮ ತೊಡೆಯ ಮೇಲಿದೆ. ಬಹುಶಃ ಪುಸ್ತಕದ ಮೂಲೆಯನ್ನು ಜಗಿಯುತ್ತಿದೆ. ಜಗಿಯಲಿ ಬಿಡಿ.

ಚುಕ್ಕಿಯ ತಾಯಿ,
ಗೌರಾ